ಟ್ರಸ್ಟಿ ಮಾವನ ಸೂಜಿ

ತಾಯಿ ತೀರಿಕೊಂಡ ಮೇಲೆ ಹೊಲಿಗೆ ಅಂಗಡಿ ಮಗಳಿಗೆ ಬಂತು. ಕಪಾಟಿನ ಬೀಗದ ಕೈ ಮಾತ್ರ ಸೋದರಮಾವನ ಬೆಲ್ಟಿಗೆ ಹೋಗಿ ತೂಗಾಡಿತು. ಉಯಿಲಿನಲ್ಲಿ ತಾಯಿ ಹಾಗೇ ಬರೆಸಿದ್ದಳು: ಮಗಳಿಗೆ ಇಪ್ಪತ್ತೈದು ತುಂಬುವವರೆಗೆ ತನ್ನ ಅಣ್ಣನೇ ಟ್ರಸ್ಟಿ. ತುಂಬಲು ಇನ್ನೂ ಎಂಟು ತಿಂಗಳಿತ್ತು. ಭಗವಂತ ಎಂಟು ತಿಂಗಳನ್ನು ಎಲ್ಲರಿಗೂ ಒಂದೇ ಅಳತೆಗೆ ಕತ್ತರಿಸಿ ಕೊಡುವುದಿಲ್ಲ. ಈ ಹುಡುಗಿಗೆ ತುಸು ಧಾರಾಳವಾಗಿಯೇ ಕೊಟ್ಟಿದ್ದ.

ಮಾವ ಕೆಟ್ಟವರಲ್ಲ. ಅದೇ ತೊಂದರೆ, ಕೆಟ್ಟವರಾಗಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ಮೂವತ್ತೆರಡು ವರ್ಷ ಕಾರ್ಖಾನೆಯೊಂದರ ಉಗ್ರಾಣ ಕಾದವರು, ಚೀಟಿ ಇಲ್ಲದೆ ಒಂದು ಮೊಳೆಯನ್ನೂ ಹೊರಗೆ ಬಿಟ್ಟವರಲ್ಲ. ಆ ಅಭ್ಯಾಸವನ್ನೇ ಅಂಗಡಿಗೂ ತಂದರು. ದಾರದ ಉಂಡೆಗೆ ಚೀಟಿ, ಗುಂಡಿಗೆ ಚೀಟಿ. ಸೂಜಿ ಮುರಿದರೆ ಎರಡು ತುಂಡನ್ನೂ ತಂದೊಪ್ಪಿಸಬೇಕು, ಆಮೇಲೇ ಹೊಸದು. ಕಾದು ಕಾದು ಬೇಸತ್ತ ಗಿರಾಕಿಗಳು ಒಬ್ಬೊಬ್ಬರಾಗಿ ಎದುರುಬೀದಿಯ ದರ್ಜಿಯ ಪಾಲಾದರು. ಉಳಿದವರು ಉಯಿಲು ಬರೆದುಕೊಟ್ಟ ವಕೀಲಮ್ಮ ಒಬ್ಬರೇ. ಅವರ ಕರಿ ಕೋಟನ್ನು ಇವತ್ತು ಐದು ಗಂಟೆಗೆ ಕೊಡಬೇಕು. ಅವರೂ ಹೋದರೆ ಅಮ್ಮನ ಅಂಗಡಿಯಲ್ಲಿ ಉಳಿಯುವುದು ಬೀಗ ಹಾಕಿದ ಕಪಾಟು ಮಾತ್ರ.

ಮೂರು ಗಂಟೆಗೆ ಹುಡುಗಿ ಕಾಲರ್ ಕೂಡಿಸಲು ಕುಳಿತು ನೋಡುತ್ತಾಳೆ, ಮಷೀನಿನ ಸೂಜಿಗೆ ಮೊನೆಯೇ ಇಲ್ಲ!

“ಮಾವಾ, ಒಂದು ಸೂಜಿ.”

“ಹಳೇದೆಲ್ಲಿ?”

“ಮುರಿದಿದೆ. ಇಗೋ.”

“ಇದು ಅರ್ಧ. ಇನ್ನರ್ಧ?”

“ಸಿಗ್ತಿಲ್ಲ ಮಾವ. ಹೊತ್ತಾಯ್ತು, ಕೊಟ್ಬಿಡಿ.”

“ಅದು ಕೋಟಿನೊಳಗೇ ಇದ್ರೆ? ನಾಳೆ ಕೋರ್ಟಲ್ಲಿ ವಕೀಲಮ್ಮ ಅಯ್ಯೋ ಅಂತ ಕೂಗಿದ್ರೆ? ಒಂದು ಸೂಜಿಯೂ ಕಳೀಬಾರದು ಅಣ್ಣಾ ಅಂತ ನಿಮ್ಮಮ್ಮ ನನ್ನ ಕೈ ಹಿಡ್ಕೊಂಡು ಹೇಳಿದ್ದಾಳೆ ಕಣೇ.”

ಮಾವ ದಾರಕ್ಕೆ ಅಯಸ್ಕಾಂತ ಕಟ್ಟಿಕೊಂಡು, ಒಣನೆಲದಲ್ಲಿ ಮೀನು ಹಿಡಿಯುವವರಂತೆ ಅಂಗಡಿಯೆಲ್ಲ ಸುತ್ತಿದರು. ಕೋಟು ಜಾಲಾಡಿದ್ದಾಯಿತು, ಚಿಂದಿಬುಟ್ಟಿ ಕೊಡವಿದ್ದಾಯಿತು. ನಡುನಡುವೆ ನಿಂತು ಕಾಲು ಕೆರೆದುಕೊಂಡರು. “ಹಾಳು ಸೊಳ್ಳೆ!”

ನಾಲ್ಕೂವರೆಗೇ ವಕೀಲಮ್ಮ ಬಂದು ಸ್ಟೂಲಿನ ಮೇಲೆ ಕುಳಿತರು. ಹುಡುಗಿಗೆ ತಡೆಯಲಾಗಲಿಲ್ಲ.

“ವಕೀಲಮ್ಮ, ಅಧಿಕಾರ ಎಲ್ಲಾ ಟ್ರಸ್ಟಿಗೇನಾ? ನನಗೇನೂ ಹಕ್ಕಿಲ್ವಾ?”

“ಯಾಕಿಲ್ಲ? ಕಾಪಾಡೋ ಅಧಿಕಾರ ಅವರದು. ಆದರೆ ಕಾಪಾಡೋದು ನಿನಗೋಸ್ಕರ. ಗಿರಾಕಿಗಳೆಲ್ಲ ಓಡಿಹೋದ ಮೇಲೆ ಸೂಜಿ ಡಬ್ಬಿ ಒಪ್ಪಿಸಿದ್ರೆ ಅದು ಕಾಪಾಡಿದ ಹಾಗಾಗಲ್ಲ. ಇನ್ನೊಂದು ಮಾತು, ಟ್ರಸ್ಟಿ ಈ ಆಸ್ತಿಯಿಂದ ಸ್ವಂತಕ್ಕೆ ಏನೂ ಮಾಡಿಸ್ಕೊಳ್ಳೋ ಹಾಗಿಲ್ಲ.”

“ನಾನಾ? ಒಂದೆಳೆ ನೂಲೂ ಮುಟ್ಟಿಲ್ಲ!” ಎನ್ನುತ್ತ ಮಾವ ಮತ್ತೆ ಕಾಲು ಕೆರೆಯಲು ಬಗ್ಗಿದರು. ಕೈಯಲ್ಲಿದ್ದ ಅಯಸ್ಕಾಂತ ಓಲಾಡಿ ಅವರದೇ ಪ್ಯಾಂಟಿನ ಅಂಚಿಗೆ ಟಕ್ಕೆಂದು ಅಂಟಿಕೊಂಡಿತು.

ಬೆಳಿಗ್ಗೆ ಬಾಗಿಲ ಹಿಂದೆ ಟವೆಲು ಸುತ್ತಿಕೊಂಡು ನಿಂತು, “ಬೇಗ ಹೊಲಿಯೇ, ಚಳಿ” ಎಂದು ಅವಸರ ಮಾಡಿ ಹೊಲಿಸಿಕೊಂಡ ಅಂಚು ಅದು.

“ಮಾವಾ,” ಹುಡುಗಿಯ ದನಿ ಜೇನಿನಂತಿತ್ತು, “ಅದಕ್ಕೆ ಚೀಟಿ ಬರೆದಿದ್ರಾ?”

ವಕೀಲಮ್ಮ ಸೂರು ನೋಡತೊಡಗಿದರು. ಮಾವನ ಕಿವಿ ಕೆಂಪಾಯಿತು. ಮೊನೆಯನ್ನು ಮೆಲ್ಲಗೆ ಕಿತ್ತು, ಅಂಗೈಯಲ್ಲಿ ಇನ್ನರ್ಧದ ಪಕ್ಕಕ್ಕೆ ಜೋಡಿಸಿದರು.

“ಒಂದೂ ಕಳೀಬಾರದು ಅಂದ್ಲು. ಆಮೇಲೆ ಅವಳೇ ಹೋದ್ಲು. ಉಳಿದದ್ದನ್ನಾದ್ರೂ...”

“ಏನೂ ಕಳೆದಿಲ್ಲ ಮಾವ. ನಾನು ಇಲ್ಲೇ ಇದ್ದೀನಲ್ಲ.”

ಮಾವ ಬೆಲ್ಟಿನಿಂದ ಬೀಗದ ಕೈ ಬಿಚ್ಚಿದರು. “ನಿನಗೆ ಇಪ್ಪತ್ತೈದು ತುಂಬೋವರೆಗೂ ಟ್ರಸ್ಟಿ ನಾನೇ. ಕಪಾಟು ಮಾತ್ರ ಇನ್ನು ನೀನೇ ತೆಗಿ.” ಅವಳು ಕೈ ಚಾಚಿದಳು. ಅವರು ಕೊಡಲಿಲ್ಲ, ಮೊದಲು ಚೀಟಿಪುಸ್ತಕ ಮುಂದಿಟ್ಟರು. “ಬೀಗದ ಕೈ, ಒಂದು. ಸಹಿ ಹಾಕು.”

ಅವಳು ಸಹಿ ಹಾಕಿದಳು. ಹಾಳೆ ಮಗುಚಿ, “ಮಾವನ ಪ್ಯಾಂಟಿನ ಅಂಚು, ಒಂದು” ಎಂದು ಬರೆದು ಅವರತ್ತ ತಳ್ಳಿ, ಕಪಾಟಿನತ್ತ ಓಡಿದಳು.

ಮಾವ ಅದನ್ನು ಎರಡು ಸಲ ಓದಿ, ಸಹಿ ಹಾಕಿ, ಕೆಳಗೆ ತಾರೀಕನ್ನೂ ಬರೆದರು. ಅಷ್ಟರಲ್ಲಿ ಮಷೀನು ಓಡತೊಡಗಿತ್ತು.