ಗಾದಿಗನೂರಿನ ಕುಂಭ

೧೯೩೭ರ ಮೇ ತಿಂಗಳಲ್ಲಿ ಗಾದಿಗನೂರಿನ ಗವಿಸಿದ್ದಪ್ಪ ಮದರಾಸಿನಲ್ಲಿ ಬಿ.ಎಸ್ಸಿ. ಮುಗಿಸಿ ಊರಿಗೆ ಬಂದ. ಊರಿನ ಮೊದಲ ಪದವೀಧರ. ಹೊಸಪೇಟೆಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದ ಅಂದಾನಪ್ಪನವರು ಸನ್ಮಾನ ಏರ್ಪಡಿಸಿದ್ದು ಪದವಿಗಾಗಿ ಮಾತ್ರವಲ್ಲ, ನಾರುಹುಣ್ಣಿನ ಕೆಲಸಕ್ಕಾಗಿ.

ಬೇಸಿಗೆ ಬಂದರೆ ಕಾಲಿನಿಂದ ದಾರದಂಥ ಹುಳು ಹೊರಬಂದು ಜನರನ್ನು ತಿಂಗಳುಗಟ್ಟಲೆ ಮಲಗಿಸುತ್ತಿತ್ತು. ಗವಿಸಿದ್ದಪ್ಪ ರಜೆಯಲ್ಲೆಲ್ಲ ಮನೆಮನೆ ತಿರುಗಿ ವಿಚಾರಿಸಿದ. ಬಾವಿಯ ನೀರನ್ನು ಸೀಸೆಯಲ್ಲಿ ಒಯ್ದು ಕಾಲೇಜಿನ ಸೂಕ್ಷ್ಮದರ್ಶಕದಲ್ಲಿ ನೋಡಿದ. ಹುಣ್ಣಿನ ಕಾಲು ನೀರಿಗಿಳಿದರೆ ಹುಳುವಿನ ಮರಿ ನೀರು ಸೇರುತ್ತದೆ, ಅದನ್ನು ಕುಡಿದವರಿಗೆ ರೋಗ ಬರುತ್ತದೆ ಎಂದು ಊರಿಗೆ ವಿವರಿಸಿದ. ಹಾಸ್ಟೆಲಿನ ಗೆಳೆಯರನ್ನು ಕರೆತಂದು ಮೆಟ್ಟಿಲು ಬಾವಿಯ ದಂಡೆಗೆ ಕಟ್ಟೆ ಕಟ್ಟಿ, ಹಗ್ಗದಿಂದ ನೀರು ಸೇದಲು ಗಡಗಡಿ ಹಾಕಿದ. ಇನ್ನು ಬಾವಿಗೆ ಯಾರೂ ಇಳಿಯಬಾರದೆಂದು ಊರು ಒಪ್ಪಿತ್ತು.

ಸನ್ಮಾನದ ದಿನ ಬಂಡಿ ಸಿಂಗಾರವಾಗಿತ್ತು. ಕುಂಭ ಬಂದರೆ ಮೆರವಣಿಗೆ ಹೊರಡಬೇಕು. ಪೇಟ ಸುತ್ತಿಕೊಂಡು ಬಂಡಿಯಲ್ಲಿ ಕುಳಿತಿದ್ದ ಗವಿಸಿದ್ದಪ್ಪ ಬಾವಿಯತ್ತ ನೋಡಿದ. ಅವನ ದೊಡ್ಡವ್ವ ಮುದುಕಮ್ಮ ಕುಂಭ ಹಿಡಿದು, ಹಿಂದೆ ನಾಲ್ವರು ಮುತ್ತೈದೆಯರೊಂದಿಗೆ ಮೆಟ್ಟಿಲ ಕಡೆಗೇ ನಡೆದಿದ್ದಳು. ಬಂಡಿಯಿಂದ ಹಾರಿ ಓಡಿದ.

"ದೊಡ್ಡವ್ವಾ, ಇಳೀಬ್ಯಾಡ!"

"ಸುಮ್ನಿರಲೇ. ದಿನದ ನೀರು ಹಗ್ಗದಾಗ ಸೇದ್ತೀವಿ. ಕುಂಭದ ನೀರು ಹಂಗ ತರಂಗಿಲ್ಲ. ನೀರಾಗ ನಿಂತು, ಗಂಗವ್ವಗ ಬಾಗಿ, ಕೈಲೆ ತುಂಬಬೇಕು."

ಇಂದು ತನ್ನ ಸನ್ಮಾನಕ್ಕೆ ಇಳಿದರೆ ನಾಳೆ ಮದುವೆಗೆ ಇಳಿಯುತ್ತಾರೆ, ಮುಂದಿನ ಬೇಸಿಗೆಗೆ ಹುಳು ಮತ್ತೆ ಹಾಜರು. ಗವಿಸಿದ್ದಪ್ಪ ಮೊದಲ ಮೆಟ್ಟಿಲಿಗೆ ಅಡ್ಡ ನಿಂತ.

"ಹಂಗಾರ ನನಗ ಮೆರವಣಿಗಿ ಬ್ಯಾಡ."

ಬಾಜಾ ನಿಂತಿತು. ಅಂದಾನಪ್ಪನವರು ಬೆವರೊರೆಸುತ್ತ ಬಂದರು. "ಏನಪಾ, ಓದಿದ್ದು ಹೆಚ್ಚಾತೇನು? ಮುತ್ತೈದೇರನ್ನ ತಡೀತಾರೇನು?"

"ಅವರ ಕಾಲಿಗೆ ಬೀಳ್ತೀನ್ರಿ. ಆ ಕಾಲು ನೀರಾಗ ಮಾತ್ರ ಬ್ಯಾಡ್ರಿ."

ಹೋದ ಬೇಸಿಗೆಯಲ್ಲಿ ಹುಣ್ಣಾಗಿ ಹಾಸಿಗೆ ಹಿಡಿದಿದ್ದ ಮರುಳಸಿದ್ದಮ್ಮ, ಮುದುಕಮ್ಮನ ಸೊಸೆ, ಮುಂದೆ ಬಂದು ಅತ್ತೆಯ ಕೈಯಿಂದ ಕುಂಭ ತೆಗೆದುಕೊಂಡಳು.

"ಅತ್ತೀ, ಶಿವನ ಜಡಿಯಿಂದ ಇಳಿದು ಬಂದ ಗಂಗವ್ವಗ ಹಗ್ಗ ಹಿಡದು ನಾಕಾಳುದ್ದ ಮ್ಯಾಲ ಬರೋದು ಕಷ್ಟೇನ್ರಿ? ಬರ್ತಾಳ, ತಗೀರಿ."

ನೆರೆದವರು ನಕ್ಕರು. ಬಾಜಾದವನೂ ನಕ್ಕ. ಮರುಳಸಿದ್ದಮ್ಮ ಗಡಗಡಿಗೆ ಅರಿಸಿನ ಕುಂಕುಮ ಹಚ್ಚಿ, ಕಟ್ಟೆಯಿಂದಲೇ ಬಾಗಿ ಕೈ ಮುಗಿದು, ಕುಂಭದ ಕೊರಳಿಗೇ ಹಗ್ಗ ಬಿಗಿದು ಇಳಿಬಿಟ್ಟಳು.

ಮುದುಕಮ್ಮ ಮುಖ ತಿರುಗಿಸಿ ನಿಂತವಳು, ಹಗ್ಗ ಬಿಗಿಯಾದದ್ದು ಕಂಡು ತಡೆಯಲಾರದೆ ಬಂದಳು. "ಸರೀಲೇ. ಹಿರಿ ಮುತ್ತೈದಿ ಕೈ ಹತ್ತದ ಕುಂಭ ಯಾವ ಆಚಾರ?" ಎಂದು ಸೊಸೆಯನ್ನು ಸರಿಸಿ ತಾನೇ ಎಳೆದಳು. ತುಳುಕುವ ಕುಂಭ ಮೇಲೆ ಬಂತು. ಅದನ್ನು ಸೊಂಟಕ್ಕಿಟ್ಟುಕೊಂಡು ಸುತ್ತಲಿನವರನ್ನು ದಿಟ್ಟಿಸಿದಳು.

"ಇನ್ನ ಮದುವಿ ಕುಂಭಾನೂ ಇಲ್ಲೇ ತುಂಬೋದು. ಯಾರರ ಕೆಳಗ ಇಳಿದ್ರ ಕಾಲು ಮುರೀತೀನಿ. ಏನಪಾ ಗವಿಸಿದ್ದ, ಹಿಂಗ ನಿಂತೀಯಲ್ಲ, ಬಂಡಿ ಹತ್ತು ಜಲ್ದಿ!"