ಹತ್ತು ನಿಮಿಷದ ಮರ್ಯಾದೆ

"ಇಲ್ಲಿದೆ ನೋಡಿ ಕಂಪ್ಯೂಟರಿನ ಗಂಟು," ಎನ್ನುತ್ತ ವೆನಿಂಗಕ್ಕ ದಾನಾರನ ಎಡಹೆಗಲಿನ ಕೆಳಗೆ ಹೆಬ್ಬೆರಳು ಊರಿದಳು. "ಸೈಕಲ್ ರಿಕ್ಷಾದೋರಿಗೆ ಗಂಟು ಸೊಂಟದಲ್ಲಿರುತ್ತೆ. ಬಟ್ಟೆ ಮೇಲೆ ಮೇಣದಲ್ಲಿ ಚಿತ್ತಾರ ಬರೆಯೋ ಹೆಂಗಸರಿಗೆ ಮಣಿಕಟ್ಟಿನಲ್ಲಿ. ಇಲ್ಲಿ ಕಟ್ಟೋದು ನಿಮ್ಮಂಥೋರಿಗೆ ಮಾತ್ರ ಅಣ್ಣಾ."

ದಾನಾರ್ ಬೋರಲು ಮಲಗಿದ್ದ. ಮಾಲೀಸಿನ ಮಂಚಕ್ಕೆ ಮುಖ ಇಡಲೆಂದು ಕೊರೆದ ತೂತಿನಿಂದ ಅವನಿಗೆ ಕಾಣುತ್ತಿದ್ದುದು ಕೆಂಪು ನೆಲ, ಅದರ ಮೇಲೆ ಅತ್ತಿತ್ತ ಓಡಾಡುವ ವೆನಿಂಗಕ್ಕನ ರಬ್ಬರ್ ಚಪ್ಪಲಿ, ಅಷ್ಟೇ. ಕುತ್ತಿಗೆ ನೋವೆಂದು ಹೇಳಿಕೊಂಡು ಬಂದಿದ್ದ. ನೋವೇನೋ ಇತ್ತು, ಆದರೆ ಅವನು ಬಂದದ್ದು ಅದಕ್ಕಲ್ಲ. ವಾರದಿಂದ ತಲೆಯಲ್ಲಿ ಒಂದು ಹುಳ ಕೊರೆಯುತ್ತಿತ್ತು.

ಲಾವೆಯಾನ್ ಬಡಾವಣೆಯ ಸರ್ಕಾರಿ ದವಾಖಾನೆಗೆ ಜಾಲತಾಣ ಮಾಡಿಕೊಟ್ಟವನು ಅವನೇ. ಬರುವ ಸೋಮವಾರದಿಂದ ದವಾಖಾನೆಯ ಕಿಟಕಿಯಲ್ಲಿ ಚೀಟಿ ಕೊಡುವುದಿಲ್ಲ. ಯಾರೇ ಆಗಲಿ ಸರದಿಯ ನಂಬರನ್ನು ಫೋನಿನಲ್ಲೇ ತೆಗೆದುಕೊಳ್ಳಬೇಕು. ಕಣ್ಣಿಲ್ಲದವರಿಗೆ ಫೋನು ಓದಿ ಹೇಳುತ್ತದೆ. ಅದಕ್ಕೆ ಅನುಕೂಲವಾಗಲೆಂದು ಜಗತ್ತಿನ ಜಾಲತಾಣಗಳಿಗೆಲ್ಲ ಒಂದು ನಿಯಮಾವಳಿ ಇದೆ. ಚಿತ್ರವಿದ್ದರೆ ಅದರ ಹಿಂದೆ ಮಾತಿರಬೇಕು, ಒತ್ತುವ ಗುಂಡಿಯಿದ್ದರೆ ಅದಕ್ಕೆ ಹೆಸರಿರಬೇಕು, ಹೊತ್ತಿಗೆ ಮಿತಿಯಿಟ್ಟರೆ ಅದನ್ನು ಹೆಚ್ಚಿಸಿಕೊಳ್ಳುವ ದಾರಿಯಿರಬೇಕು. ದಾನಾರ್ ಒಂದನ್ನೂ ಬಿಟ್ಟಿರಲಿಲ್ಲ. ತಪಾಸಣೆಯ ಯಂತ್ರ ಮೂರು ಸಲವೂ ಹಸಿರು ದೀಪ ತೋರಿಸಿ ನೂರಕ್ಕೆ ನೂರು ಕೊಟ್ಟಿತ್ತು. ಅಷ್ಟಕ್ಕೇ ಬಿಡದೆ, ಬಡಾವಣೆಯ ಏಳು ಜನ ಕಣ್ಣಿಲ್ಲದವರ ಕೈಗೂ ಪ್ರಯೋಗಕ್ಕೆಂದು ಕೊಟ್ಟಿದ್ದ. ಹೇಗಿದೆ ಎಂದು ಕೇಳಿದರೆ ಏಳೂ ಜನ ಒಂದೇ ಬಾಯಲ್ಲಿ "ಚೆನ್ನಾಗಿದೆ" ಎಂದಿದ್ದರು. ಆದರೆ ಒಳಗಿನ ದಾಖಲೆ ತೆಗೆದು ನೋಡಿದರೆ ಏಳರಲ್ಲಿ ಒಬ್ಬರೂ ನಂಬರ್ ತೆಗೆದುಕೊಂಡಿರಲಿಲ್ಲ. ಆ ಏಳು ಜನರಲ್ಲೊಬ್ಬಳಾದ ವೆನಿಂಗಕ್ಕನಂತೂ ನಾಲ್ಕು ಸಲ ಒಳಗೆ ಹೋಗಿ, ನಾಲ್ಕು ಸಲವೂ ಸರಿಯಾಗಿ ಹತ್ತು ನಿಮಿಷಕ್ಕೆ ಹೊರಗೆ ಬಿದ್ದಿದ್ದಳು. ಹತ್ತು ನಿಮಿಷ ಅವನೇ ಇಟ್ಟ ಮಿತಿ.

"ಅಕ್ಕಾ, ನಮ್ಮ ದವಾಖಾನೆ ಜಾಲತಾಣ ಹೇಗನ್ನಿಸ್ತು?" ಎಂದು ತೂತಿನೊಳಗಿಂದ ಕೇಳಿದ.

"ಚೆನ್ನಾಗಿದೆ ಅಣ್ಣಾ."

"ಬಳಸೋಕೆ ಸುಲಭ ಇದೆಯಾ?"

"ಚೆನ್ನಾಗಿದೆ."

"ಮತ್ತೆ ನಂಬರ್ ತಗೊಂಡಿಲ್ವಲ್ಲ?"

ಹೆಬ್ಬೆರಳು ಒಂದು ಗಳಿಗೆ ನಿಂತಿತು. "ಪುರುಸೊತ್ತಾಗ್ಲಿಲ್ಲ ನೋಡಿ," ಎಂದಳು.

ಜಾವಾದ ಈ ಸೋಲೋ ಊರಿನ ಮಾತೇ ಹೀಗೆ, ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ. ಇಲ್ಲಿ 'ಇಲ್ಲ' ಎಂಬ ಮಾತು ಯಾರ ಬಾಯಿಂದಲೂ ನೆಟ್ಟಗೆ ಹೊರಡುವುದಿಲ್ಲ. ಸಾಲ ಕೇಳಲು ಬಂದವನಿಗೂ ಚಹಾ ಕೊಟ್ಟು, ಮಳೆಯ ವಿಷಯ ಮಾತಾಡಿ, ಬರಿಗೈಯಲ್ಲಿ ನಗುನಗುತ್ತ ಕಳಿಸುವ ಜನ. ದಾನಾರನೂ ಇದೇ ಊರಿನ ನೀರು ಕುಡಿದವನು. 'ಚೆನ್ನಾಗಿದೆ' ಎಂಬ ಮಾತು ಎರಡನೆಯ ಸಲವೂ ಅದೇ ರಾಗದಲ್ಲಿ ಬಂದರೆ ಏನೋ ಚೆನ್ನಾಗಿಲ್ಲವೆಂದೇ ಅರ್ಥ, ಅಷ್ಟು ಅವನಿಗೆ ಗೊತ್ತು. ಏನೆಂದು ಮಾತ್ರ ಗೊತ್ತಿರಲಿಲ್ಲ.

ಅಷ್ಟರಲ್ಲಿ ಗೂಡಿನಲ್ಲಿದ್ದ ಅವಳ ಫೋನು ಜೋಳದ ಅರಳು ಸಿಡಿದ ಹಾಗೆ ಚಟಪಟ ಎಂದಿತು. ದಾನಾರನಿಗೆ ಒಂದಕ್ಷರ ತಿಳಿಯಲಿಲ್ಲ.

"ಏನದು?"

"ನಾದಿನಿ ಮೆಸೇಜು. ನಾಳೆ ಕೊಬ್ಬರಿ ಎಣ್ಣೆ ತರ್ತಾಳಂತೆ. ಬಸ್ಸು ಸಿಕ್ಕದಿದ್ರೆ ನಾಡಿದ್ದಂತೆ."

"ಇಷ್ಟು ಬೇಗ ಓದಿದ್ರೆ ಹೇಗೆ ತಿಳಿಯುತ್ತೆ?"

ವೆನಿಂಗಕ್ಕ ನಕ್ಕಳು. "ನೀವು ಪೇಪರನ್ನ ಒಂದೊಂದೇ ಅಕ್ಷರ ಕೂಡಿಸಿ ಓದ್ತೀರಾ? ಕಣ್ಣಾಡಿಸ್ತೀರಲ್ಲ, ನಾವು ಕಿವಿ ಆಡಿಸ್ತೀವಿ. ಮಾತಿನ ತಲೆ ಕೇಳಿದ್ರೆ ಸಾಕು, ಬೇಕೋ ಬೇಡವೋ ಗೊತ್ತಾಗುತ್ತೆ. ಬೇಡ ಅಂದ್ರೆ ಮುಂದಕ್ಕೆ ಹಾರೋದು."

ಮಾತಿನ ತಲೆ. ದಾನಾರನಿಗೆ ಆ ಮಾತು ಎಲ್ಲೋ ಚುಚ್ಚಿತು, ಆದರೆ ಕೈಗೆ ಸಿಗಲಿಲ್ಲ. ಆಮೇಲೆ ಅವನಿಗೊಂದು ಉಪಾಯ ಹೊಳೆಯಿತು. 'ಇಲ್ಲ' ಅನ್ನಲಾರದವಳ ಹತ್ತಿರ ಪ್ರಶ್ನೆ ಕೇಳಿ ಫಲವಿಲ್ಲ, ಉಪಕಾರ ಕೇಳಬೇಕು.

"ಅಕ್ಕಾ, ಈ ಕುತ್ತಿಗೆಯನ್ನ ಡಾಕ್ಟರಿಗೂ ತೋರಿಸೋಣ ಅಂತಿದ್ದೆ. ನಾನಂತೂ ಹೀಗೆ ಮಲಗಿಬಿಟ್ಟಿದ್ದೀನಿ. ನಿಮ್ಮ ಫೋನಲ್ಲೇ ನನಗೊಂದು ನಂಬರ್ ತೆಗೆದುಕೊಡ್ತೀರಾ?"

ಚಪ್ಪಲಿಗಳು ಕದಲಲಿಲ್ಲ. "ಆಯ್ತು ಅಣ್ಣಾ, ಅದಕ್ಕೇನಂತೆ," ಎಂಬ ಸಣ್ಣ ದನಿ ಬಂತು. ಅವಳು ಕೈಯ ಎಣ್ಣೆಯನ್ನು ಬಟ್ಟೆಗೆ ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. "ನಿಮಗೂ ಕೇಳೋ ಹಾಗೆ ಸ್ವಲ್ಪ ನಿಧಾನ ಮಾಡ್ತೀನಿ. ಇದನ್ನ ನಾನೂ ನಿಧಾನವಾಗೇ ಕೇಳೋದು."

ದಾನಾರ್ ಕಣ್ಣು ಮುಚ್ಚಿ ಕಿವಿಗೊಟ್ಟ.

"ಮಾನ್ಯರೇ, ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ, ತಮ್ಮ ಅಪ್ಪಣೆಯಾದರೆ, ಹಲ್ಲಿನ ವಿಭಾಗ," ಎಂದಿತು ಫೋನು. ವೆನಿಂಗಕ್ಕನ ಬೆರಳು ಟಪ್ಪೆಂದಿತು. "ಮಾನ್ಯರೇ, ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ, ತಮ್ಮ ಅಪ್ಪಣೆಯಾದರೆ, ಬಾಣಂತಿಯರ ವಿಭಾಗ." ಟಪ್. "ಮಾನ್ಯರೇ, ತಮಗೆ ತೊಂದರೆ..."

ಹನ್ನೆರಡು ವಿಭಾಗ, ಹನ್ನೆರಡು ಕ್ಷಮೆ. ಮೂಳೆಯ ವಿಭಾಗ ಹನ್ನೊಂದನೆಯದು. ಆಮೇಲೆ ಡಾಕ್ಟರುಗಳ ಹೆಸರು, ಆಮೇಲೆ ವಾರಗಳು, ಆಮೇಲೆ ಹೊತ್ತುಗಳು. ಪ್ರತಿಯೊಂದೂ ಬಾಗಿಲಲ್ಲಿ ನಿಂತು ನಡು ಬಗ್ಗಿಸಿ, ಕೈ ಮುಗಿದು, ಗಂಟಲು ಸರಿಮಾಡಿಕೊಂಡ ಮೇಲೆಯೇ ತನ್ನ ಹೆಸರು ಹೇಳುತ್ತಿತ್ತು. ಎಲ್ಲದರ ತಲೆಯೂ ಒಂದೇ. ಹೆಸರು ಬಾಲದಲ್ಲಿತ್ತು. ಹಾರಿ ಹೋಗುವಂತಿಲ್ಲ, ಪ್ರತಿಸಲ ಬಾಲದವರೆಗೂ ಕಾದು ಕೂರಲೇಬೇಕು. ಮೂಗಿಗಿಂತ ಮೂಗುತಿ ಭಾರ ಎಂದರೆ ಇದೇ. ಸೋಮವಾರದ ಬೆಳಗಿನ ಹೊತ್ತುಗಳ ಪಟ್ಟಿ ಅರ್ಧಕ್ಕೆ ಬಂದಿತ್ತೋ ಇಲ್ಲವೋ, ಫೋನು ಇನ್ನೊಂದು ಸಲ ಕೈ ಮುಗಿಯಿತು: "ಮಾನ್ಯರೇ, ತಮಗೆ ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆಯಿರಲಿ, ತಮ್ಮ ಅಪ್ಪಣೆಯಾದರೆ, ಸಮಯ ಮುಗಿಯಿತು."

ದಾನಾರನ ಕಿವಿಯೆಲ್ಲ ಬಿಸಿಯಾಯಿತು. ಹೊತ್ತು ಹೆಚ್ಚಿಸಿಕೊಳ್ಳುವ ಗುಂಡಿ ನಿಯಮದ ಪ್ರಕಾರ ಇದ್ದೇ ಇತ್ತು. ಆದರೆ ಅದೂ ಸಾಲಿನ ಕೊನೆಯಲ್ಲಿ, ಅದೇ ಕ್ಷಮೆಯ ಹಿಂದೆ ಕೂತಿತ್ತು. ಅಲ್ಲಿಗೆ ಮುಟ್ಟುವುದರೊಳಗೇ ಹೊತ್ತು ಮುಗಿಯುತ್ತಿತ್ತು.

"ನನ್ನ ಕೈ ನಿಧಾನ ಅಣ್ಣಾ," ಎಂದಳು ವೆನಿಂಗಕ್ಕ. "ವಯಸ್ಸಾಯ್ತಲ್ಲ."

ದಾನಾರ್ ಎದ್ದು ಕೂತ. "ಅಕ್ಕಾ, ನಿಮ್ಮ ಮಾತ್ರೆ ಎಷ್ಟು ದಿನಕ್ಕಿದೆ?" ಅವಳಿಗೆ ಸಕ್ಕರೆ ಕಾಯಿಲೆಯಿರುವುದು ಪ್ರಯೋಗದ ದಿನವೇ ಅವನಿಗೆ ತಿಳಿದಿತ್ತು.

"ಮಂಗಳವಾರದವರೆಗೆ."

"ಆಮೇಲೆ?"

"ಪಕ್ಕದ ಮನೆ ಹುಡುಗಿ ಹತ್ತಿರ ನಂಬರ್ ತೆಗೆಸ್ಬೇಕು. ಇಲ್ಲೀವರೆಗೂ ನಾನೇ ಹೋಗಿ ಕಿಟಕಿಯಲ್ಲಿ ಚೀಟಿ ತಗೊಳ್ತಿದ್ದೆ, ನನ್ನ ಕಾಯಿಲೆ ನನ್ನ ಹತ್ರಾನೇ ಇತ್ತು. ಇನ್ಮೇಲೆ ಅವಳ ಬಾಯಲ್ಲಿ ಓಣಿಯೆಲ್ಲ ತಿರುಗುತ್ತೆ." ಬೆರಳುಗಳು ಸೆರಗಿನ ತುದಿಯನ್ನು ಸುತ್ತಿ ಬಿಚ್ಚುತ್ತಿದ್ದವು. "ಹೋಗ್ಲಿ ಬಿಡಿ."

"ನನಗೆ ಯಾಕೆ ಹೇಳ್ಲಿಲ್ಲ?"

"ಹೇಗೆ ಹೇಳೋದು? ಬ್ಯಾಂಕಿನದು, ಬಸ್ಸಿನದು, ಎಲ್ಲಾ ಕೇಳಿದ್ದೀನಿ. 'ಗುಂಡಿ, ಗುಂಡಿ, ಚಿತ್ರ, ಗುಂಡಿ' ಅಂತ ನಾಯಿ ಬೊಗಳಿದ ಹಾಗೆ ಬೊಗಳ್ತವೆ. ಇದೊಂದೇ ನನ್ನನ್ನ ಮನುಷ್ಯಳು ಅಂತ ಮಾತಾಡಿಸಿದ್ದು. ಯಾರೋ ಹಳೇ ಕಾಲದ ದೊಡ್ಡ ಮನುಷ್ಯರು ಬರೆದಿರ್ಬೇಕು. ಅಂಥೋರ ಮುಖಕ್ಕೆ ಹೊಡೆದ ಹಾಗೆ 'ಬೇಡ' ಅನ್ನೋಕಾಗುತ್ತಾ?" ನಗು ತಡೆದುಕೊಂಡು ಸೇರಿಸಿದಳು: "ಆದ್ರೂ ಅಣ್ಣಾ, ಮದುವೆ ಮನೇಲಿ ಬಾಗಿಲಲ್ಲಿ ಒಂದ್ಸಲ ಕೈ ಮುಗಿದ್ರೆ ಸಾಕಲ್ವಾ? ಚಪ್ಪರದ ಒಂದೊಂದು ಕಂಬದ ಹತ್ರಾನೂ ನಿಲ್ಲಿಸಿ ಕೈ ಮುಗೀತಾ ಇದ್ರೆ ಊಟಕ್ಕೆ ಕೂರೋದು ಯಾವಾಗ?"

ಇಬ್ಬರೂ ನಕ್ಕರು. ದಾನಾರನ ನಗು ಬೇಗ ನಿಂತಿತು. ಆ ಮಾತುಗಳನ್ನು ಬರೆದವರು ಯಾರೆಂದು ಅವನು ಹೇಳಲಿಲ್ಲ.

ಬರೆದವರು ಅವನ ಅಪ್ಪ. ಹಾರ್ದೊನೊ ಮೇಷ್ಟ್ರೆಂದರೆ ಮೂವತ್ತೈದು ವರ್ಷ ಶಾಲೆಯಲ್ಲಿ ಜಾವಾ ಭಾಷೆಯ ಮೇಲ್ದರ್ಜೆಯ ನುಡಿ ಕಲಿಸಿದವರು. ನಿವೃತ್ತಿಯಾದ ಮೇಲೆ ಪಂಜರದ ಹಕ್ಕಿಯನ್ನೂ ಬಹುವಚನದಲ್ಲೇ ಮಾತಾಡಿಸುತ್ತಿದ್ದರು. ಗುಂಡಿಗಳ ಹಿಂದಿನ ಈ ಮಾತುಗಳು ಕಣ್ಣಿದ್ದವರಿಗೆ ಕಾಣುವುದಿಲ್ಲ, ಕಣ್ಣಿಲ್ಲದವರ ಕಿವಿಗೆ ಮಾತ್ರ ಎಂದು ಮಗ ಹೇಳಿದಾಗ ಅವರು ಕನ್ನಡಕ ತೆಗೆದು, "ಹಾಗಿದ್ರೆ ಅವರಿಗೇ ಅಂತ ಬರೆದ ಕಾಗದ ಇದು. ಸಸಾರವಾಗಿ ಬರೆಯೋ ಹಾಗಿಲ್ಲ," ಎಂದು ಮೂರು ದಿನ ಕೂತು ಬರೆದುಕೊಟ್ಟಿದ್ದರು. ಆ ಮೂರು ದಿನ ಅಪ್ಪನ ಮುಖದಲ್ಲಿದ್ದ ಕಳೆಯನ್ನು ದಾನಾರ್ ಮರೆತಿರಲಿಲ್ಲ.

ಸಂಜೆ ಮೇಷ್ಟ್ರು ಜಗುಲಿಯಲ್ಲಿ ಹಕ್ಕಿಗೆ ನವಣೆ ಹಾಕುತ್ತಿದ್ದರು. ದಾನಾರ್ ಪಕ್ಕದಲ್ಲಿ ಕೂತು ಮಳೆಯ ವಿಷಯ ಮಾತಾಡಿದ, ಹಕ್ಕಿಯ ಗಂಟಲಿನ ವಿಷಯ ಮಾತಾಡಿದ.

"ಮಳೆ, ಹಕ್ಕಿ ಎರಡೂ ಆಯ್ತು," ಎಂದರು ಮೇಷ್ಟ್ರು. "ಇನ್ನು ಬಂದ ವಿಷಯ ಹೇಳು."

ದಾನಾರ್ ಫೋನು ತೆಗೆದು, ಓದುವ ದನಿ ಹಚ್ಚಿ, ಅಪ್ಪನ ಕೈಯಲ್ಲಿಟ್ಟ. "ಪರದೆ ನೋಡ್ಬೇಡಿ. ಕಿವಿಯಲ್ಲೇ ಕೇಳಿ, ಸಕ್ಕರೆ ಕಾಯಿಲೆಗೆ ಒಂದು ನಂಬರ್ ತೆಗೆದುಕೊಡಿ ಅಪ್ಪಾ."

ಮೊದಲ ಎರಡು ಸಾಲಿಗೆ ಮೇಷ್ಟ್ರ ಮುಖ ಅರಳಿತು. ಐದನೆಯದಕ್ಕೆ ಹುಬ್ಬು ಕೂಡಿದವು. ಒಂಬತ್ತನೆಯದಕ್ಕೆ, "ಗೊತ್ತಾಯ್ತು, ಮುಂದೆ ಹೇಳಯ್ಯ," ಎಂದು ಫೋನಿಗೆ ಗದರಿದರು. ಮಗನನ್ನು ಬಿಟ್ಟರೆ ಜನ್ಮದಲ್ಲಿ ಯಾರಿಗೂ ಏಕವಚನ ಹಚ್ಚದವರು. ಸಮಯ ಮುಗಿಯಿತೆಂದು ಫೋನು ಕ್ಷಮೆ ಕೇಳಿದಾಗ ಅವರು ಅದನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. ಹಕ್ಕಿ ಒಂದು ಸಲ ಕೂಗಿತು.

"ನಿನ್ನ ತಪಾಸಣೆ ಯಂತ್ರ ಇದನ್ನ ಕೇಳಿಲ್ವಾ?"

"ಮಾತು ಇದೆಯೋ ಇಲ್ವೋ ಅಂತಷ್ಟೇ ನೋಡುತ್ತೆ ಅಪ್ಪಾ. ಇದೆಯಲ್ಲ. ನೂರಕ್ಕೆ ನೂರು ಕೊಟ್ಟಿದೆ."

"ಹಾಳೆ ತುಂಬಿದೆಯಾ ಅಂತ ನೋಡಿ ಅಂಕ ಕೊಡೋ ಮೇಷ್ಟ್ರುಗಳು ನಮ್ಮ ಶಾಲೇಲೂ ಇದ್ರು," ಎಂದರು. ಆಮೇಲೆ ದನಿ ಇಳಿಯಿತು. "ಇದನ್ನ ಬಳಸಿ ನೋಡಿದೋರು ಏನಂದ್ರು?"

"ಚೆನ್ನಾಗಿದೆ ಅಂದ್ರು."

ಮೇಷ್ಟ್ರು ತಲೆ ತಗ್ಗಿಸಿದರು. ಆ ಒಂದು ಮಾತಿನ ಅರ್ಥವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಎದ್ದು ಒಳಗೆ ಹೋಗಿ ತಮ್ಮ ಹಸ್ತಪ್ರತಿಯನ್ನೂ ಕೆಂಪು ಶಾಯಿಯ ಪೆನ್ನನ್ನೂ ತಂದರು. ಮಗನ ಕೈಗೆ ಕೊಡಲಿಲ್ಲ. ತಾವೇ ಒಂದೊಂದಾಗಿ, ಹುಡುಗರ ಉತ್ತರಪತ್ರಿಕೆ ತಿದ್ದುವ ಹಾಗೆ, ಹೊಡೆಯುತ್ತ ಹೋದರು. ದಾನಾರನಿಗೆ ನೋಡಲಾಗಲಿಲ್ಲ. ಪಂಜರದ ಕಡೆ ತಿರುಗಿ ಕೂತ. ಕೊನೆಯ ಹಾಳೆಯಲ್ಲಿ ಪೆನ್ನು ನಿಂತಿತು.

"ಒಂದು ಉಳಿಸ್ಲಾ?"

"ಉಳಿಸಿ ಅಪ್ಪಾ. ದಾರಿಗೆ ಅಡ್ಡ ಬರದ ಹಾಗೆ ನಾನು ಜಾಗ ಹುಡುಕ್ತೀನಿ."

ಸೋಮವಾರ ಬೆಳಗಿನ ಆರಕ್ಕೆ ಮೊದಲೇ ಮೇಷ್ಟ್ರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು. "ನನಗೂ ಕುತ್ತಿಗೆ ನೋವು," ಎಂದರು. ದಾನಾರ್ ನಗಲಿಲ್ಲ. ದಾರಿಯಲ್ಲಿ ತೆಂಗಿನಹಾಲಿನ ಬಿಸಿ ಸೆರಾಬಿ ದೋಸೆ ಕಟ್ಟಿಸಿಕೊಂಡು ಇಬ್ಬರೂ ವೆನಿಂಗಕ್ಕನ ಮನೆಗೆ ಹೋದರು.

"ನಮ್ಮಪ್ಪ. ಕುತ್ತಿಗೆ ಸ್ವಲ್ಪ ನೋಡ್ಬೇಕಿತ್ತು," ಎಂದ ದಾನಾರ್.

"ಕೂತ್ಕೊಳ್ಳಿ ಯಜಮಾನ್ರೇ. ಮೊದಲು ಒಂದು ನಂಬರ್ ಪ್ರಯತ್ನ ಮಾಡಿಬಿಡ್ತೀನಿ, ಹತ್ತು ನಿಮಿಷ ಆಗ್ಬಹುದು. ಬೇಜಾರು ಮಾಡ್ಕೋಬೇಡಿ."

ಮೇಷ್ಟ್ರು ಬೆಂಚಿನ ತುದಿಯಲ್ಲಿ, ಮೊಣಕಾಲ ಮೇಲೆ ಎರಡೂ ಕೈಯಿಟ್ಟು ಕೂತರು. ವೆನಿಂಗಕ್ಕ ಫೋನನ್ನು ಕಿವಿಯ ಹತ್ತಿರ ಹಿಡಿದು ಬೆರಳಾಡಿಸಿದಳು. ಹಲ್ಲು. ಟಪ್. ಬಾಣಂತಿ. ಟಪ್. ಕಣ್ಣು. ಟಪ್. ಅವಳ ಹುಬ್ಬು ಮೇಲೇರಿತು. ಟಪ್, ಟಪ್, ಟಪ್. ಸಕ್ಕರೆ. ಇವತ್ತು. ಎಂಟೂವರೆ. ಅರಳು ಸಿಡಿದ ಹಾಗೆ ಹೋಗುತ್ತಿದ್ದ ದನಿಯಲ್ಲಿ ದಾನಾರನಿಗೂ ಕೊನೆಯದೊಂದು ತಿಳಿಯಿತು: ನಂಬರ್ ಒಂಬತ್ತು. ಗೋಡೆಯ ಗಡಿಯಾರದಲ್ಲಿ ಎರಡು ನಿಮಿಷವೂ ಕಳೆದಿರಲಿಲ್ಲ.

ಬೆರಳು ಫೋನನ್ನು ಮುಚ್ಚಲು ಹೋಗಿ ತಡೆಯಿತು. ನಂಬರಿನ ಕೆಳಗೆ ಇನ್ನೇನೋ ಇತ್ತು, ಅದು ಸರ್ರೆಂದು ಓದಿ ಮುಗಿಸಿತ್ತು. ವೆನಿಂಗಕ್ಕ ತಲೆ ಓರೆ ಮಾಡಿದಳು. ವೇಗವನ್ನು ಇಳಿಸಿದಳು. ಇನ್ನೂ ಇಳಿಸಿದಳು, ಮನುಷ್ಯರು ಎದುರಾಬದುರು ಕೂತು ಮಾತಾಡುವಷ್ಟು. ಆಮೇಲೆ ಮತ್ತೊಮ್ಮೆ ಒತ್ತಿದಳು.

"ಮಾನ್ಯರೇ, ತಮ್ಮ ಹೊತ್ತು ತೆಗೆದುಕೊಂಡಿದ್ದಕ್ಕೆ ಕ್ಷಮೆಯಿರಲಿ. ತಮ್ಮ ದಾರಿ ಕಾಯುತ್ತಿರುತ್ತೇವೆ."

ಅವಳು ಅದನ್ನು ಮೂರನೆಯ ಸಲ ಹಚ್ಚಿದಳು. ಬೆಂಚಿನ ಮೇಲೆ ಮೇಷ್ಟ್ರ ತುಟಿಗಳು ಆ ದನಿಯ ಜೊತೆಜೊತೆಗೇ ಸದ್ದಿಲ್ಲದೆ ಆಡುತ್ತಿದ್ದವು. ಮೇಜಿನ ಮೇಲೆ ಸೆರಾಬಿಯ ಬಾಳೆಎಲೆ ಬಿಸಿಗೆ ತಾನಾಗಿಯೇ ಸ್ವಲ್ಪ ಬಿಚ್ಚಿಕೊಂಡಿತ್ತು.