ಮೂರನೆಯ ಸಲ ಯಾರೂ ಕೇಳಲಿಲ್ಲ

ಹರಿಹರದ ಸೋದರತ್ತೆಯ ಮನೆಯ ಪಡಸಾಲೆಯಲ್ಲಿ ಸರ್ವಮಂಗಳಾ ಒಗ್ಗರಣೆ ಮಂಡಕ್ಕಿಯ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದಳು. ದಾವಣಗೆರೆಯಿಂದ ಬೆಳಗಿನ ಬಸ್ಸು ಹಿಡಿದು ಬಂದವಳ ಹೊಟ್ಟೆ ಚುರುಗುಟ್ಟುತ್ತಿತ್ತು. ಕೈ ಮಾತ್ರ ಮಡಿಲು ಬಿಟ್ಟು ಏಳಲಿಲ್ಲ.

"ತಿನ್ನವ್ವಾ," ಎಂದರು ಅತ್ತೆ ಕಸ್ತೂರಮ್ಮ.

"ಬ್ಯಾಡತ್ತೆ, ಮನೇಲಿ ತಿಂದೇ ಬಂದೀನಿ."

"ತಿನ್ನೇ, ನನ್ನವ್ವ."

"ಅಯ್ಯೋ, ನಿಮಗ್ಯಾಕ ತೊಂದ್ರೆ?"

"ಈಗ ತಿಂತೀಯೋ, ನಾನೇ ಬಾಯಿಗೆ ತುರುಕ್ಲೋ?"

ಆಮೇಲೆ ತಟ್ಟೆ ಖಾಲಿಯಾಗಲು ಹೊತ್ತು ಹಿಡಿಯಲಿಲ್ಲ.

ಅವರ ಮನೆತನದ ರಿವಾಜೇ ಅದು. ಕೊಟ್ಟ ತಕ್ಷಣ ಕೈ ಚಾಚಿದರೆ ಊಟ ಕಾಣದವರೆಂದು ನಾಲ್ಕು ಜನ ಆಡಿಕೊಳ್ಳುತ್ತಾರೆಂದು ತಾಯಿ ಅನ್ನಪೂರ್ಣಮ್ಮ ಮಗಳಿಗೆ ನಡೆಯಲು ಕಲಿಸಿದಷ್ಟೇ ಜತನದಿಂದ ಕಲಿಸಿದ್ದರು. ಎರಡು ಸಲ ಬೇಡವೆನ್ನಬೇಕು, ಮೂರನೆಯ ಸಲಕ್ಕೆ ಒಲ್ಲದ ಮನಸ್ಸಿನಿಂದೆಂಬಂತೆ ಒಪ್ಪಬೇಕು. ಹೋಳಿಗೆಯ ಮೇಲಿನ ತುಪ್ಪಕ್ಕೂ ಅದೇ ನಿಯಮ, ಹಬ್ಬದ ಸೀರೆಗೂ ಅದೇ.

ಅಂದು ಅವಳು ಬಂದದ್ದು ಊರಾಚೆಯ ಯಂತ್ರದ ಕಾರ್ಖಾನೆಗೆ. ಎರಕದ ಕಬ್ಬಿಣದಲ್ಲಿ ಏನೇನು ಎಷ್ಟಿದೆ ಎಂದು ನೋಡುವ ಪ್ರಯೋಗಶಾಲೆ ಅಲ್ಲಿತ್ತು. ಬಿ.ಎಸ್ಸಿ. ವಿದ್ಯಾರ್ಥಿಯೊಬ್ಬರನ್ನು ಬೇಸಿಗೆ ರಜೆಯಲ್ಲಿ ತರಬೇತಿಗೆ ತೆಗೆದುಕೊಳ್ಳುತ್ತಾರೆಂದು ಕಾಲೇಜಿನಲ್ಲಿ ಮೇಷ್ಟ್ರು ಹೇಳಿದಾಗಿನಿಂದ ಅವಳಿಗೆ ಬೇರೆ ಧ್ಯಾನವಿರಲಿಲ್ಲ. ಅರಳೆ ವ್ಯಾಪಾರಿಯಾದ ಅಪ್ಪ ವಾಮದೇವಪ್ಪನವರನ್ನು ಒಪ್ಪಿಸುವುದರೊಳಗೆ ಸಾಕುಸಾಕಾಗಿತ್ತು. "ಹೆಣ್ಣುಹುಡುಗಿ ಕಾರ್ಖಾನೆಗೆ ಹೋಗೋದಂದ್ರೆ ಹೆಂಗೆ?" ಎಂದು ವಾರಗಟ್ಟಲೆ ಗೊಣಗಿದವರು, ಕೊನೆಗೆ ಒಂದು ದಿನ ಊಟದಿಂದೇಳುತ್ತ, "ಹೋಗು. ಕಸ್ತೂರಿ ಮನೇಲೇ ಇರಬೇಕು ಮತ್ತೆ," ಎಂದಿದ್ದರು. ಅಂಥ ಅಪ್ಪ ಅಷ್ಟು ಹೇಳಿದ್ದೇ ದೊಡ್ಡದು.

ಕಾರ್ಖಾನೆಯ ಬೆಂಚಿನ ಮೇಲೆ ಆಗಲೇ ಅವಳ ತರಗತಿಯ ಕರಿಬಸವರಾಜ ಕೂತಿದ್ದ. ತೋಳಿನ ಬಳಿ ತೇಪೆ ಹಾಕಿದ ಅಂಗಿಗೆ ಇಸ್ತ್ರಿ ಮಾತ್ರ ಗರಿಗರಿಯಾಗಿತ್ತು. ಗಂಡನಿಲ್ಲದ ಅವನ ತಾಯಿ ಮಂಡಕ್ಕಿ ಭಟ್ಟಿಯಲ್ಲಿ ದುಡಿದು ಅವನನ್ನು ಓದಿಸುತ್ತಿದ್ದಳು. "ನೀವು ಬಂದ್ಮೇಲೆ ನಮ್ಮದೇನೂ ನಡಿಯಂಗಿಲ್ಲ ಬಿಡ್ರಿ," ಎಂದು ನಕ್ಕ. ಅವಳು ತಲೆ ತಗ್ಗಿಸಿದಳು. ಅಷ್ಟರಲ್ಲಿ ಜವಾನ ಗುಡ್ಡಪ್ಪ ಅವಳ ಹೆಸರು ಕೂಗಿದ.

ಒಳಗಿದ್ದ ಸಾಹೇಬರು ಮುಂಬಯಿ ಕಡೆಯವರು. ಕನ್ನಡವನ್ನು ಎಡವುತ್ತ ಎಡವುತ್ತ ಆಡುತ್ತಿದ್ದರು. ಮಾತು ಬೇಡದ ಪರೀಕ್ಷೆಯನ್ನೇ ಕೊಟ್ಟರು. ಕಿಟಕಿಯ ಬಳಿ ಬ್ಯುರೆಟ್ಟಿನ ಗಾಜುನಳಿಗೆ ನಿಲ್ಲಿಸಿ ದ್ರಾವಣ ಅಳೆಯಲು ಹೇಳಿದರು. ಜನರ ಮುಂದೆ ನಡುಗುವ ಸರ್ವಮಂಗಳೆಯ ಬೆರಳುಗಳು ಗಾಜಿನ ಮುಂದೆ ನಡುಗಲಿಲ್ಲ. ಕೊನೆಯ ಹನಿಗೆ ಬಣ್ಣ ತಿಳಿಗುಲಾಬಿಯಾಗಿ ನಿಂತಿತು.

"ವೆರಿ ಗುಡ್!" ಸಾಹೇಬರು ಕುರ್ಚಿಯಿಂದ ಎದ್ದೇಬಿಟ್ಟರು. "ಈ ಲ್ಯಾಬಿಗೆ ಹುಡುಗಿ ಬಂದಿಲ್ಲ ಇದುವರೆಗೆ. ನಾನು ನಿಮಗೆ ಕೊಡ್ತೇನೆ. ಬರ್ತೀರಾ?"

ಎದೆಯಲ್ಲಿ ಹೂವಿನ ಬುಟ್ಟಿ ಮಗುಚಿದಂತಾಯಿತು. ಬಾಯಿಂದ ಬಂದದ್ದು ಬೇರೆಯೇ.

"ಬ್ಯಾಡ್ರಿ ಸಾರ್, ನಿಮಗ್ಯಾಕ ತೊಂದ್ರೆ?"

"ಬೇಡವಾ?"

ಅವಳು ನೆಲ ನೋಡುತ್ತ ಮುಗುಳ್ನಕ್ಕು ಅಡ್ಡಡ್ಡ ತಲೆಯಾಡಿಸಿದಳು. ಇನ್ನೊಂದು ಸಲ ಕೇಳಿದರೆ ಆಯಿತು, ಹೂಂ ಎನ್ನುವುದು ನಾಲಿಗೆಯ ತುದಿಯಲ್ಲೇ ಇತ್ತು.

ಸಾಹೇಬರ ಮುಖ ಸಪ್ಪಗಾಯಿತು. "ಐ ಸೀ. ಮನೆಯಲ್ಲಿ ಒಪ್ಪೋದಿಲ್ಲ, ಅಲ್ವಾ? ಪಾಪ," ಎಂದು ತಾವೇ ಕಾರಣವನ್ನೂ ಹುಡುಕಿಕೊಟ್ಟು ಗಂಟೆ ಒತ್ತಿದರು.

ಹೊರಗೆ ಬಂದು ಬೆಂಚಿನ ಮೇಲೆ ಕೂತಳು. ಮತ್ತೆ ಕರೆದಾರು ಎಂದು ಬಾಗಿಲನ್ನೇ ನೋಡಿದಳು. ಕರಿಬಸವರಾಜ ಒಳಗೆ ಹೋಗಿದ್ದ. "ನಿಮ್ಮದು ಮುಗೀತಲ್ರವ್ವಾ, ಇನ್ನೂ ಯಾಕ ಕುಂತೀರಿ?" ಎಂದ ಗುಡ್ಡಪ್ಪ. ಅವಳು ಎದ್ದು ಗೇಟಿನ ಆಚೆಯ ಬೇವಿನ ಮರದಡಿ ನಿಂತಳು.

ಕರಿಬಸವರಾಜ ಬೀಗುತ್ತ ಬಂದವನು ಅವಳನ್ನು ಕಂಡು ಹೆಜ್ಜೆ ತಡೆದ.

"ನೀವು ಬ್ಯಾಡ ಅಂದ್ರಂತೆ? ಸಾಹೇಬ್ರು ಹೇಳಿದ್ರು. ಇರೋದೇ ಒಂದು ಜಾಗ, ನನಗೆ ಕೊಟ್ರು. ಯಾಕ್ರೀ, ಏನಾತು?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಬೇಕಿದ್ರೆ ಹೇಳ್ರಿ. ಈಗಲೇ ಒಳಗೆ ಹೋಗಿ, ಅವರನ್ನೇ ತಗೊಳ್ರಿ ಅಂತ ಹೇಳಿಬರ್ತೀನಿ."

"ಬ್ಯಾಡ್ರಿ. ನಿಮಗೆ ಸಿಕ್ಕೈತಲ್ಲ."

"ಸಂಕೋಚ ಮಾಡ್ಕೋಬ್ಯಾಡ್ರಿ."

"ಛೆ ಛೆ, ಇರ್ಲಿ ಬಿಡ್ರಿ."

ಕರಿಬಸವರಾಜನೂ ದಾವಣಗೆರೆಯವನೇ, ಅಂಥವೇ ಪಂಕ್ತಿಗಳಲ್ಲಿ ಕೂತು ಉಂಡವನು. ಇನ್ನೊಂದು ಸಲ ಕೇಳುವುದು ಬಾಕಿಯಿದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಅವಳ ಮುಖವನ್ನೊಮ್ಮೆ ನೋಡಿದ. ಆಮೇಲೆ ತನ್ನ ತೋಳಿನ ತೇಪೆ ನೋಡಿಕೊಂಡ.

"ಹಂಗಾದ್ರೆ... ಬರ್ತೀನ್ರಿ," ಎಂದ.

ಮೊದಲು ಮೆಲ್ಲಗೆ ನಡೆದ. ಆಮೇಲೆ, ಯಾರೋ ಹಿಂದಿನಿಂದ ಕರೆದುಬಿಟ್ಟಾರೆಂಬಂತೆ, ಬಿರಬಿರನೆ. ಕರೆಯಬೇಕೆಂದು ಅವಳಿಗೂ ಅನಿಸಿತು. ಆದರೆ ನಡುರಸ್ತೆಯಲ್ಲಿ ಗಂಡಸಿನ ಹೆಸರು ಹಿಡಿದು ಕೂಗುವುದನ್ನು ಅವಳಿಗೆ ಯಾರೂ ಕಲಿಸಿರಲಿಲ್ಲ. ಅವನನ್ನು ಬೈದುಕೊಳ್ಳಲೂ ಮನಸ್ಸು ಬರಲಿಲ್ಲ. ಒಪ್ಪಿಕೊಂಡಿದ್ದ ಅಪ್ಪನಿಗೆ ಏನು ಹೇಳುವುದು?

ಮನೆ ಸೇರಿದಾಗ ಅತ್ತೆ ಅಕ್ಕಿ ಆರಿಸುತ್ತಿದ್ದರು.

"ಏನಾತೇ?"

"ಆಗ್ಲಿಲ್ಲತ್ತೆ."

"ಹೋಗ್ಲಿ ಬಿಡವ್ವಾ, ಹುಡುಗೇರಿಗೆ ಯಾರು ಕೊಡ್ತಾರೆ? ಕಾಫಿ ಕುಡಿತೀಯೇನು?"

"ಹೂಂ, ಕೊಡ್ರಿ."

ಕಸ್ತೂರಮ್ಮನ ಬೆರಳು ಅಕ್ಕಿಯ ನಡುವೆ ನಿಂತಿತು. ಸೋದರಸೊಸೆಯ ಮುಖವನ್ನು ಒಂದು ಗಳಿಗೆ ನೋಡಿ, ಎದ್ದು ಚೆಂಬು ತೆಗೆದುಕೊಂಡು ಹಿತ್ತಲ ಬಾಗಿಲಿಂದ ಹೊರಗೆ ಹೋದರು. ಗೋಡೆಯಾಚೆ ಅವರ ತಗ್ಗಿದ ದನಿ ಕೇಳಿಸಿತು. "ರಂಗವ್ವಾ, ಒಂಚೂರು ಹಾಲೈತೇನೇ? ನಮ್ಮನ್ಯಾಗೆ ಮುಗಿದೋಗೈತಿ."

ಸರ್ವಮಂಗಳೆಯ ಕಿವಿ ಬಿಸಿಯಾಯಿತು. ಅತ್ತೆ ಕೇಳಿದ್ದು ಬರೀ ಉಪಚಾರಕ್ಕೆ. ಓಡಿಹೋಗಿ ಬ್ಯಾಡ ಅಂದುಬಿಡೋಣವೆಂದು ಎದ್ದಳು. ಆ ಮಾತನ್ನು ಅಂದು ಮತ್ತೊಮ್ಮೆ ಆಡಲು ನಾಲಿಗೆ ಏಳಲಿಲ್ಲ. ನಿಂತವಳು ಹಾಗೆಯೇ ಕೂತು, ಅತ್ತೆ ಬಿಟ್ಟುಹೋದ ಮೊರವನ್ನು ಹತ್ತಿರಕ್ಕೆ ಎಳೆದುಕೊಂಡಳು.